ಹೊಳೆಯುವುದರಿಂದ ಹೊಳೆಯೇ? ‘ಹೊಳೆ’ ಎಂಬ ಪದದ ಅರ್ಥ ಮತ್ತು ಮೂಲದ ಬಗ್ಗೆ

ಹೇಮಾವತಿದಂಡೆ:

ಬಲ್ಲವರ ಮುಂದೆ ಒಂದು ಸಂದೇಹವನ್ನಿಡುತ್ತಿದ್ದೇನೆ. ಹೊಳೆನರಸೀಪುರದ ಹತ್ತಿರದ ನಮ್ಮೂರಿನ ದೇವಸ್ಥಾನದ ಜೀರ್ಣೋದ್ಧಾರ ಮುಗಿಯುತ್ತಾ ಬಂದಿದ್ದು, ಆ ಸಂದರ್ಭಕ್ಕೆ ಒಂದು ಸ್ಮರಣ ಸಂಚಿಕೆ ತರುತ್ತಿದ್ದೇವೆ. ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಊರಿನ ಹಿರಿಯರೊಬ್ಬರು ನದಿಯ ಬಗ್ಗೆ ಬರೆದ ಲೇಖನದಲ್ಲಿ ಹೀಗೊಂದು ಮಾತಿದೆ: ‘ಬಿಸಿಲು ಬಿದ್ದಾಗ ಹೊಳೆಯುವುದರಿಂದಲೇ ನಮ್ಮ ಪೂರ್ವಿಕರು ನದಿಯನ್ನು ಹೊಳೆ ಎಂದು ಕರೆದರು.’ ಓದುವುದಕ್ಕೆ ಸೊಗಸಾಗಿದೆ. ಸಂಜೆ ಐದೂವರೆಯ ಹೊತ್ತಿಗೆ ಸೋಪಾನದ ಮೇಲೆ ಕುಳಿತು ನೋಡಿದರೆ ನೀರೆಲ್ಲ ಕಂಚಿನ ತಟ್ಟೆಯ ಹಾಗೆ ಕಾಣುವುದೂ ನಿಜ. ಆದರೂ ಅಚ್ಚಿಗೆ ಹೋಗುವ ಮುನ್ನ ಈ ಮಾತು ಸರಿಯೇ ಎಂದು ಕೇಳಿಕೊಳ್ಳಬೇಕೆನಿಸಿತು. ಪ್ರಕಾಶಿಸು ಎಂಬ ಅರ್ಥದ ‘ಹೊಳೆ’ ಕ್ರಿಯಾಪದವೂ ನದಿ ಎಂಬ ಅರ್ಥದ ‘ಹೊಳೆ’ ನಾಮಪದವೂ ಒಂದೇ ಬೇರಿನಿಂದ ಬಂದವೇ? ಇದೇ ಲೇಖನದಲ್ಲಿ ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆಯನ್ನೂ ‘ಹೊಳೆಯುವ ಕೆರೆ’ ಎಂದು ಬಿಡಿಸಲಾಗಿದೆ. ಅದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಮಲೆನಾಡಿಗ:

ಇದರಲ್ಲಿ ಸಂದೇಹಕ್ಕೆ ಎಡೆ ಎಲ್ಲಿದೆ ಸರ್? ಹರಿಯುವ ನೀರು ಹೊಳೆಯುತ್ತದೆ, ಆದ್ದರಿಂದ ಅದು ಹೊಳೆ. ಹಳ್ಳ ಹೊಳೆಯುವುದಿಲ್ಲ, ಏಕೆಂದರೆ ಅದು ಗಿಡಗಂಟಿಗಳ ನೆರಳಿನಲ್ಲಿ ಹರಿಯುತ್ತದೆ. ಹೊಳೆಗೆ ಅಗಲವಿರುವುದರಿಂದ ಆಕಾಶ ಅದರಲ್ಲಿ ಬೀಳುತ್ತದೆ. ನಮ್ಮ ಜನ ಕಣ್ಣಿಗೆ ಕಂಡದ್ದನ್ನೇ ಹೆಸರಾಗಿಸಿದವರು. ಹಿರಿಯರ ವಾಕ್ಯವನ್ನು ದಯವಿಟ್ಟು ತೆಗೆಯಬೇಡಿ.

ನಿಘಂಟುಪ್ರಿಯ:

ನಾನು ಕನ್ನಡ ಅಧ್ಯಾಪಕನಾಗಿ ನಿವೃತ್ತನಾದವನು. ಈ ವಾಕ್ಯವನ್ನು ಪ್ರತಿ ವರ್ಷವೂ ಯಾವುದಾದರೂ ಉತ್ತರಪತ್ರಿಕೆಯಲ್ಲಿ ನೋಡುತ್ತಿದ್ದೆನಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ, ಬೇಸರಿಸಬಾರದು.

ಇಂದು ನಾವು ಒಂದೇ ರೀತಿಯಲ್ಲಿ ಬರೆದು ಒಂದೇ ರೀತಿಯಲ್ಲಿ ಉಚ್ಚರಿಸುವ ಈ ಎರಡು ಪದಗಳು ಹಳಗನ್ನಡದಲ್ಲಿ ಬೇರೆ ಬೇರೆಯಾಗಿದ್ದವು. ಪ್ರಕಾಶಿಸು ಎಂಬ ಅರ್ಥದ್ದು ‘ಪೊಳೆ’; ಹಳೆಯ ಕಾವ್ಯಗಳಲ್ಲಿ ‘ಪೊಳೆವ’ ಎಂಬ ರೂಪವನ್ನು ನೀವೆಲ್ಲ ಓದಿರುತ್ತೀರಿ. ನದಿ ಎಂಬ ಅರ್ಥದ್ದು ‘ಪೊೞೆ’. ಎರಡನೆಯ ಅಕ್ಷರವನ್ನು ಗಮನಿಸಬೇಕು. ಮೊದಲನೆಯದರಲ್ಲಿರುವುದು ನಾವು ಇಂದಿಗೂ ಬಳಸುವ ಳಕಾರ. ಎರಡನೆಯದರಲ್ಲಿರುವುದು ನಮ್ಮ ವರ್ಣಮಾಲೆಯಿಂದ ಬಿಟ್ಟುಹೋದ ೞಕಾರ, ಹಿಂದಿನ ವೈಯಾಕರಣರು ‘ರಳ’ ಎಂದು ಕರೆದದ್ದು. ಇವೆರಡೂ ಬೇರೆ ಬೇರೆ ಧ್ವನಿಗಳಾಗಿದ್ದುದರಿಂದ ಪಂಪನ ಕಾಲದ ಓದುಗನಿಗೆ ಪೊಳೆ ಮತ್ತು ಪೊೞೆ ನಮಗೆ ‘ಕಲ್ಲು’ ಮತ್ತು ‘ಕಳ್ಳು’ ಇರುವಷ್ಟೇ ಬೇರೆಯಾಗಿ ಕೇಳಿಸುತ್ತಿದ್ದಿರಬೇಕು.

ಮುಂದೆ ಎರಡು ಬದಲಾವಣೆಗಳಾದವು. ಪದಾದಿಯ ಪಕಾರ ಹಕಾರವಾಯಿತು: ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ಅದರ ಜೊತೆಗೇ ೞಕಾರವು ಸ್ವರಗಳ ನಡುವೆ ಳಕಾರದಲ್ಲಿ ಕರಗಿಹೋಯಿತು: ಮೞೆ ಮಳೆಯಾಯಿತು, ಬಾೞೆ ಬಾಳೆಯಾಯಿತು, ಕೋೞಿ ಕೋಳಿಯಾಯಿತು. ಹೀಗೆ ಪೊಳೆಯೂ ಪೊೞೆಯೂ ಬೇರೆ ಬೇರೆ ದಾರಿಯಲ್ಲಿ ನಡೆದು ಬಂದು ‘ಹೊಳೆ’ ಎಂಬ ಒಂದೇ ರೂಪದಲ್ಲಿ ಸೇರಿಕೊಂಡವು. ಕೇಶಿರಾಜನು ಸುಮಾರು 1260ರಲ್ಲಿ ‘ಶಬ್ದಮಣಿದರ್ಪಣ’ ಎಂಬ ಹಳಗನ್ನಡ ವ್ಯಾಕರಣವನ್ನು ಬರೆಯುವಾಗ ಳಕಾರದಲ್ಲಿ ಕ್ಷಳ, ಕುಳ, ರಳ ಎಂದು ಭೇದಗಳನ್ನು ಮಾಡಿ, ರಳವಿರುವ ಪದಗಳನ್ನು ಪಟ್ಟಿ ಮಾಡಿಯೇ ಕೊಟ್ಟಿದ್ದಾನೆ. ಬಾಯಲ್ಲಿ ಭೇದ ಗಟ್ಟಿಯಾಗಿದ್ದ ಕಾಲದಲ್ಲಿ ಪಟ್ಟಿಯ ಅಗತ್ಯವೇ ಬೀಳುವುದಿಲ್ಲ. ಜನ ಮರೆಯುತ್ತಿದ್ದುದರಿಂದಲೇ ಅವನು ಬರೆದಿಟ್ಟ ಎಂಬುದು ನನ್ನ ಊಹೆ. ಕಿಟ್ಟೆಲರ 1894ರ ನಿಘಂಟಿನಲ್ಲಿಯೂ ಇವೆರಡು ಬೇರೆ ಬೇರೆ ನಮೂದುಗಳೇ ಆಗಿವೆ.

ಆದ್ದರಿಂದ ಹೊಳೆಯುವುದರಿಂದ ಹೊಳೆ ಎಂಬುದು ಜನಪದ ನಿರುಕ್ತಿ, ಅಂದರೆ ಧ್ವನಿಯ ಹೋಲಿಕೆಯನ್ನು ನೋಡಿ ಜನ ಕಟ್ಟಿಕೊಂಡ ವಿವರಣೆ. ಹೊಳಲ್ಕೆರೆಯ ವಿಷಯವೂ ಹೀಗೆಯೇ: ‘ಪೊೞಲ್’ ಎಂದರೆ ಪಟ್ಟಣ, ಅದು ಮುಂದೆ ‘ಹೊಳಲು’ ಆಯಿತು. ಊರಿನ ಕೆರೆ ಎಂಬ ಸಾದಾ ಅರ್ಥದಲ್ಲಿ ಹೆಸರು ಕೂಡಿ ಬರುತ್ತದೆ. ಅಲ್ಲಿಯೂ ಇರುವುದು ರಳವೇ ಹೊರತು ಪೊಳೆಯ ಳಕಾರವಲ್ಲ.

ಪಯಸ್ವಿನಿ:

ಮೇಷ್ಟ್ರು ಹೇಳಿದ್ದನ್ನು ಪುಸ್ತಕ ತೆರೆಯದೆಯೇ ಪರೀಕ್ಷಿಸುವ ಉಪಾಯವೊಂದಿದೆ. ನಾನು ಕಾಸರಗೋಡಿನವಳು. ಮನೆಯಲ್ಲಿ ಕನ್ನಡ, ಗೇಟು ದಾಟಿದರೆ ಮಲಯಾಳ. ನಾವು ಹೊಳೆ ಎನ್ನುವ ಚಂದ್ರಗಿರಿಯನ್ನೇ ಪಕ್ಕದ ಮನೆಯವರು ಪುೞ ಎನ್ನುತ್ತಾರೆ. ಆಲಪ್ಪುೞ ಎಂಬ ಊರಿನ ಹೆಸರಿನ ಕೊನೆಯಲ್ಲಿ ಇರುವುದೂ ಇದೇ ಧ್ವನಿ. ನಮ್ಮ ಪತ್ರಿಕೆಗಳು ಅದಕ್ಕೆ ಅಕ್ಷರವಿಲ್ಲದೆ ‘ಆಲಪ್ಪುಳ’ ಎಂದು ಬರೆಯುತ್ತವೆ. ನಾಲಿಗೆಯನ್ನು ಹಿಂದಕ್ಕೆ ಮಡಿಸಿಯೂ ಎಲ್ಲಿಯೂ ತಾಗಿಸದೆ ಗಾಳಿಯನ್ನು ಜಾರಲು ಬಿಟ್ಟರೆ ಈ ಧ್ವನಿ ಹೊರಡುತ್ತದೆ. ಕೇಳುವವರಿಗೆ ಅದು ಅರ್ಧ ಳ, ಅರ್ಧ ರ, ಒಮ್ಮೊಮ್ಮೆ ಯ ಎಂಬಂತೆ ಕಾಣುತ್ತದೆ. ನನ್ನ ಮಗಳಿಗೆ ನಾಲ್ಕು ವರ್ಷವಾಗುವವರೆಗೆ ಅದು ಬಾಯಿಗೆ ಬರಲಿಲ್ಲ, ಮೞೆಯನ್ನು ‘ಮಯ’ ಎನ್ನುತ್ತಿದ್ದಳು.

ಮಲಯಾಳದಲ್ಲಿ ಮೞ, ವಾೞ, ಕೋೞಿ, ಪೞಯ ಎಂದಿರುವ ಕಡೆಗಳಲ್ಲೆಲ್ಲ ನಮ್ಮಲ್ಲಿ ಮಳೆ, ಬಾಳೆ, ಕೋಳಿ, ಹಳೆಯ ಎಂದಿದೆ. ಅಂದರೆ ಅವರ ೞ ನಮ್ಮ ಳ ಆಗಿದೆ. ಆದರೆ ನಮ್ಮ ಬೆಳ್ಳಿ, ಕಳ್ಳ, ಮುಳ್ಳುಗಳಿಗೆ ಅವರಲ್ಲಿಯೂ ಳಕಾರವೇ ಇದೆ: ವೆಳ್ಳಿ, ಕಳ್ಳನ್, ಮುಳ್ಳು. ಹಾಗಾಗಿ ಒಂದು ಕನ್ನಡ ಪದದಲ್ಲಿರುವ ಳ ಹುಟ್ಟಿನಿಂದ ಳಕಾರವೋ ಅಥವಾ ಮಧ್ಯದಲ್ಲಿ ಸೇರಿಕೊಂಡದ್ದೋ ಎಂದು ತಿಳಿಯಬೇಕಾದರೆ ಮಲಯಾಳಿಗಳನ್ನೋ ತಮಿಳರನ್ನೋ ಕೇಳಿದರೆ ಸಾಕು. ನದಿಯ ಹೊಳೆ ಈ ಪರೀಕ್ಷೆಯಲ್ಲಿ ಸ್ಪಷ್ಟವಾಗಿ ರಳದ ಕಡೆಗೆ ನಿಲ್ಲುತ್ತದೆ.

ಪ್ರಶ್ನೆಗಾರ್ತಿ:

ನನ್ನದೊಂದು ತಕರಾರಿದೆ. ಅಕ್ಷರ ಬೇರೆಯಾಗಿತ್ತು ಎಂಬಷ್ಟಕ್ಕೇ ಬೇರೂ ಬೇರೆ ಎಂದು ಹೇಳಿಬಿಡಬಹುದೇ? ಒಂದೇ ಮೂಲದಿಂದ ಎರಡು ರೂಪಗಳು ಕವಲೊಡೆದಿರಬಾರದೇಕೆ? ತಮಿಳಿನಲ್ಲಿ ‘ಮೀನ್’ ಎಂದರೆ ಮೀನೂ ಹೌದು, ನಕ್ಷತ್ರವೂ ಹೌದು. ಮಿನುಗು, ಮಿಂಚು ಎಂಬ ನಮ್ಮ ಪದಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ನೀರಿನಲ್ಲಿ ಮಿನುಗುವುದು ಮೀನು, ಆಕಾಶದಲ್ಲಿ ಮಿನುಗುವುದೂ ಮೀನು ಎಂಬ ವಿವರಣೆ ಎಷ್ಟು ಸಹಜವಾಗಿ ಕೂಡಿಬರುತ್ತದೆ! ಅಲ್ಲಿ ಒಪ್ಪುವ ನೀವು ಇಲ್ಲಿ ಏಕೆ ಒಪ್ಪುವುದಿಲ್ಲ?

ನಿಘಂಟುಪ್ರಿಯ:

ಒಳ್ಳೆಯ ಪ್ರಶ್ನೆ ಮೇಡಂ. ಮೀನಿನ ವಿಷಯದಲ್ಲಿ ಧ್ವನಿಯ ತೊಡಕಿಲ್ಲ. ತಮಿಳಿನಲ್ಲಿ ಎರಡೂ ಅಕ್ಷರಶಃ ಒಂದೇ ರೂಪ. ಸಿಂಧೂ ಮುದ್ರೆಗಳ ಮೇಲಿನ ಮೀನಿನ ಚಿಹ್ನೆಯನ್ನು ನಕ್ಷತ್ರ ಎಂದು ಓದಬಹುದೆಂಬ ಫಿನ್‌ಲೆಂಡಿನ ವಿದ್ವಾಂಸ ಅಸ್ಕೊ ಪರ್ಪೋಲ ಅವರ ವಾದ ನಿಂತಿರುವುದೂ ಈ ಶ್ಲೇಷೆಯ ಮೇಲೆಯೇ. ಆ ಲಿಪಿಯನ್ನು ಓದುವುದು ಇನ್ನೂ ಸಾಧ್ಯವಾಗಿಲ್ಲವಾದ್ದರಿಂದ ಅದು ವಾದವಾಗಿಯೇ ಉಳಿದಿದೆ. ಅಲ್ಲಿ ಧ್ವನಿ ಹೊಂದಿಕೊಂಡ ಮೇಲೆ ಅರ್ಥದ ಚರ್ಚೆ ನಡೆಯುತ್ತಿದೆ. ನಮ್ಮ ಹೊಳೆಯ ವಿಷಯದಲ್ಲಿ ಧ್ವನಿಯ ಬಾಗಿಲೇ ಮುಚ್ಚಿದೆ. ಕವಲೊಡೆದಿರಬಾರದೇಕೆ ಎಂದಿರಿ. ಒಡೆದಿದ್ದರೆ ಳ ಮತ್ತು ೞಗಳು ಹೀಗೆ ಕವಲೊಡೆದ ಬೇರೆ ಜೋಡಿಗಳೂ ಸಿಗಬೇಕು, ಯಾವ ಸಂದರ್ಭದಲ್ಲಿ ಒಡೆಯುತ್ತದೆ ಎಂಬುದಕ್ಕೆ ಒಂದು ಕ್ರಮವೂ ಕಾಣಬೇಕು. ಒಂದು ಪದಕ್ಕಾಗಿ ಒಂದು ನಿಯಮವನ್ನು ಸೃಷ್ಟಿಸಿದರೆ ಯಾವ ಪದವನ್ನು ಬೇಕಾದರೂ ಯಾವುದಕ್ಕೆ ಬೇಕಾದರೂ ಗಂಟು ಹಾಕಬಹುದು.

ಬೆಳಕಿಗೆ ಸಂಬಂಧಿಸಿದಂತೆಯೇ ಇಂಥದ್ದೇ ಇನ್ನೊಂದು ಬಲೆಯಿದೆ. ‘ಹೊತ್ತು ಮೂಡಿತು’ ಎನ್ನುತ್ತೇವೆ, ‘ದೀಪ ಹೊತ್ತಿಸು’ ಎಂದೂ ಎನ್ನುತ್ತೇವೆ. ಉರಿಯುವುದು ಸೂರ್ಯನಾದ್ದರಿಂದ ಅವನೇ ಹೊತ್ತು, ಅವನಿಂದಲೇ ಕಾಲ ಎಂದು ಒಬ್ಬರು ಭಾಷಣದಲ್ಲಿ ಹೇಳಿದ್ದನ್ನು ನಾನೇ ಕೇಳಿದ್ದೇನೆ, ಸಭೆ ಚಪ್ಪಾಳೆ ತಟ್ಟಿತು. ಆದರೆ ಕಾಲದ ಹೊತ್ತು ಹಳಗನ್ನಡದಲ್ಲಿ ‘ಪೊೞ್ತು’, ಉರಿಯುವ ಹೊತ್ತು ‘ಪೊತ್ತು’. ವ್ಯಂಜನದ ಮುಂದೆ ಬಂದ ೞಕಾರ ಮೊದಲು ರಕಾರವಾಗಿ, ಆಮೇಲೆ ಮುಂದಿನ ವ್ಯಂಜನದಲ್ಲಿ ಲೀನವಾಯಿತು: ಪೊೞ್ತು, ಪೊರ್ತು, ಹೊತ್ತು. ಗೞ್ದೆ ಗರ್ದೆಯಾಗಿ ಗದ್ದೆಯಾದದ್ದೂ ಹೀಗೆಯೇ.

ಕಡಲತಡಿ:

ಮೇಷ್ಟ್ರು ‘ಪೊರ್ತು’ ಎಂದು ಮಧ್ಯದ ಹಂತವಾಗಿ ಬರೆದದ್ದನ್ನು ನಾವು ತುಳುವರು ಇವತ್ತು ಬೆಳಿಗ್ಗೆಯೂ ಆಡಿದ್ದೇವೆ. ತುಳುವಿನಲ್ಲಿ ಹೊತ್ತಿಗೆ ಪೊರ್ತು ಎಂದೇ ಹೆಸರು. ಪಕಾರವೂ ಉಳಿದಿದೆ, ರಕಾರವೂ ಉಳಿದಿದೆ. ಬೆಳಕಿಗೆ ನಾವು ‘ಬೊಳ್ಪು’ ಎನ್ನುತ್ತೇವೆ, ಬಿಳಿಗೆ ‘ಬೊಳ್ದು’. ಕನ್ನಡದ ಬೆಳ್ ಎಂಬ ಬೇರು ಅಲ್ಲಿ ಕಣ್ಣಿಗೆ ಕಾಣುವಂತಿದೆ.

ನಿಘಂಟುಪ್ರಿಯ:

ಧನ್ಯವಾದ. ಹಂತಗಳನ್ನು ಪಾಠ ಹೇಳುವಾಗ ಕಪ್ಪುಹಲಗೆಯ ಮೇಲೆ, ಇವು ಊಹಿಸಿದ ರೂಪಗಳು ಎಂದು ತೋರಿಸುವ ನಕ್ಷತ್ರ ಚಿಹ್ನೆ ಹಾಕಿ ಬರೆಯುತ್ತಿದ್ದೆ, ಮಂಗಳೂರಿನ ವಿದ್ಯಾರ್ಥಿಯೊಬ್ಬ ನಕ್ಕಿದ್ದು ಏಕೆ ಎಂದು ಈಗ ಅರ್ಥವಾಯಿತು.

ಅಡುಗೆಮನೆಯಿಂದ:

ನನಗೆ ರಳ, ಕುಳಗಳ ವಿದ್ಯೆ ತಿಳಿಯದು. ಮೂಲದ ಜಗಳದಲ್ಲಿ ಅರ್ಥ ಬದಿಗೆ ಸರಿದಂತೆ ಕಂಡಿತಾದ್ದರಿಂದ ಒಂದು ಮಾತು ಸೇರಿಸುತ್ತೇನೆ. ಚರ್ಚೆಯ ಶೀರ್ಷಿಕೆಯಲ್ಲಿ ‘ಅರ್ಥ’ ಎಂದೂ ಇದೆಯಲ್ಲ.

ಶುಕ್ರವಾರದ ಹಿಂದಿನ ಸಂಜೆ ನಮ್ಮ ಅತ್ತೆ ಹಿತ್ತಾಳೆಯ ದೀಪದ ಕಂಬಗಳನ್ನು ಹಿತ್ತಿಲಿಗೆ ತಂದು ಕುಳಿತುಕೊಳ್ಳುತ್ತಿದ್ದರು. ನೆನೆಸಿಟ್ಟ ಹುಣಸೆಹಣ್ಣನ್ನು ತೆಂಗಿನ ನಾರಿನಲ್ಲಿ ಹಿಡಿದು ಮೊದಲೊಂದು ಸಲ ತಿಕ್ಕಿ, ಕಪ್ಪು ನೀರು ಇಳಿದ ಮೇಲೆ ಒಲೆಯ ಬೂದಿಯನ್ನು ಜರಡಿ ಹಿಡಿದು ಇನ್ನೊಂದು ಸಲ ತಿಕ್ಕಿ, ತೊಳೆದು, ಹಳೆಯ ಪಂಚೆಯ ತುಂಡಿನಲ್ಲಿ ಒರೆಸಿ ಬಿಸಿಲಿಗಿಡುತ್ತಿದ್ದರು. ಆ ಕೆಲಸಕ್ಕೆ ಅವರು ‘ದೀಪದ ಕಂಬ ಬೆಳಗೋದು’ ಎನ್ನುತ್ತಿದ್ದರು. ಬೆಳಗಿದ ಮೇಲೆ ಕಂಬ ಏನಾಯಿತು? ಹೊಳೆಯಿತು. ಮಾರನೆಯ ದಿನ ಅದರಲ್ಲಿ ಎಣ್ಣೆ ಬತ್ತಿ ಹಾಕಿ ಹಚ್ಚಿದರೆ ದೀಪ ಏನು ಮಾಡಿತು? ಬೆಳಗಿತು. ದೀಪ ಹೊಳೆಯಿತು ಎಂದು ಯಾರೂ ಹೇಳುವುದಿಲ್ಲ. ಕಂಬ ಹೊಳೆಯುತ್ತದೆ, ಜ್ವಾಲೆ ಬೆಳಗುತ್ತದೆ. ಆರತಿಯನ್ನೂ ಬೆಳಗುತ್ತೇವೆ, ಹೊಳೆಯಿಸುವುದಿಲ್ಲ.

ನನಗೆ ತೋಚುವ ಮಟ್ಟಿಗೆ ವ್ಯತ್ಯಾಸ ಇಷ್ಟು: ಬೆಳಗುವುದು ತನ್ನ ಬೆಳಕನ್ನು ಸುತ್ತಲಿನದರ ಮೇಲೆ ಚೆಲ್ಲುತ್ತದೆ, ಕೋಣೆ ಬೆಳಗುತ್ತದೆ, ಮುಖ ಬೆಳಗುತ್ತದೆ. ಹೊಳೆಯುವುದು ತನ್ನ ಮೇಲೆ ಬಿದ್ದ ಬೆಳಕನ್ನು ನೋಡುವವರ ಕಣ್ಣಿಗೆ ಹೊಡೆಯುತ್ತದೆ: ಮೂಗುತಿ, ಉಜ್ಜಿದ ನೆಲ, ಎಣ್ಣೆ ಹಚ್ಚಿದ ತಲೆಗೂದಲು, ಬೆಕ್ಕಿನ ಕಣ್ಣು. ಸೂರ್ಯ ಹೊಳೆಯುತ್ತಾನೆ ಎಂದು ಮಕ್ಕಳ ಪುಸ್ತಕಗಳಲ್ಲಿ ಓದಿದಾಗ ನನಗೆ ಯಾವುದೋ ಅನುವಾದದ ವಾಸನೆ ಬರುತ್ತದೆ. ನಮ್ಮ ಸೂರ್ಯ ಬೆಳಗುವವನು, ಇಲ್ಲವೇ ಸುಡುವವನು. ನಕ್ಷತ್ರ ಮಾತ್ರ ಹೊಳೆಯುತ್ತದೆ, ಮಿನುಗುತ್ತದೆ ಎನ್ನಬಹುದು.

ಪ್ರಶ್ನೆಗಾರ್ತಿ:

ಕಂಬ ಹೊಳೆಯುತ್ತದೆ, ಜ್ವಾಲೆ ಬೆಳಗುತ್ತದೆ ಎಂಬುದನ್ನು ಓದಿದ ಮೇಲೆ ನನ್ನ ತಕರಾರನ್ನು ಅರ್ಧ ಹಿಂತೆಗೆದುಕೊಳ್ಳುತ್ತೇನೆ. ಉಳಿದರ್ಧ ಇದು: ‘ನನಗೆ ಒಂದು ಉಪಾಯ ಹೊಳೆಯಿತು’ ಎನ್ನುತ್ತೇವಲ್ಲ, ಅಲ್ಲಿ ಬೆಳಕು ಬೀಳುವುದು ಯಾವುದರ ಮೇಲೆ, ನೋಡುವ ಕಣ್ಣು ಯಾರದು? ಅದೂ ಇದೇ ಪದವೇ, ಅಥವಾ ಮೂರನೆಯದೊಂದು ಹೊಳೆ ಇದೆಯೇ?

ನಿಘಂಟುಪ್ರಿಯ:

ಅದು ಇದೇ ಪದ. ವಾಕ್ಯದ ರಚನೆಯನ್ನು ನೋಡಿ: ‘ನಾನು ಹೊಳೆದೆ’ ಎನ್ನುವುದಿಲ್ಲ, ‘ನನಗೆ ಹೊಳೆಯಿತು’ ಎನ್ನುತ್ತೇವೆ. ಹೊಳೆಯುವುದು ಉಪಾಯ, ನಾನು ಅದನ್ನು ಕಾಣುವವನು ಮಾತ್ರ. ಅಡುಗೆಮನೆಯಿಂದ ಬರೆದವರು ಹೇಳಿದ ಕಂಬದ ಸ್ಥಾನದಲ್ಲಿ ಉಪಾಯವನ್ನಿಡಿ, ಕಣ್ಣಿನ ಸ್ಥಾನದಲ್ಲಿ ಮನಸ್ಸನ್ನಿಡಿ, ಅರ್ಥ ತಾನಾಗಿ ಕೂಡುತ್ತದೆ. ‘ತೋಚಿತು’, ‘ತೋರಿತು’ ಎಂಬ ಪದಗಳ ರಚನೆಯೂ ಇದೇ. ಆದರೆ ಅವುಗಳಲ್ಲಿ ಹಠಾತ್ತಾದ ಆ ಮಿಂಚು ಇಲ್ಲ. ಗಂಟೆಗಟ್ಟಲೆ ಕುಳಿತು ಯೋಚಿಸಿ ಕಂಡುಕೊಂಡದ್ದನ್ನು ನಾವು ಹೊಳೆಯಿತು ಎನ್ನುವುದಿಲ್ಲ.

ಸಂಸ್ಕೃತದ ‘ಪ್ರತಿಭೆ’ ಎಂಬ ಪದವನ್ನು ಬಿಡಿಸಿದರೂ ಇದೇ ಚಿತ್ರ ಸಿಗುತ್ತದೆ. ‘ಭಾ’ ಧಾತುವಿಗೆ ಬೆಳಗು, ಹೊಳೆ ಎಂಬ ಅರ್ಥವಿದೆ. ‘ಪ್ರತಿಭಾತಿ’ ಎಂದರೆ ಎದುರಿಗೆ ಹೊಳೆಯುತ್ತದೆ, ಅಂದರೆ ಮನಸ್ಸಿಗೆ ಕಾಣುತ್ತದೆ. ‘ಸ್ಫುರಿಸು’ ಎಂಬುದಕ್ಕೂ ಮಿನುಗುವ ಅರ್ಥ, ಮನಸ್ಸಿಗೆ ಬರುವ ಅರ್ಥ ಎರಡೂ ಇವೆ. ಕವಿಗೆ ಪ್ರತಿಭೆ ಇದೆ ಎಂದು ಗಂಭೀರವಾಗಿ ಹೇಳುವುದನ್ನೇ ಊರಿನ ಕಡೆ ‘ಅವನಿಗೆ ಏನೋ ಹೊಳೀತದೆ’ ಎಂದು ಹೇಳಿದರೆ ಅರ್ಥದಲ್ಲಿ ಕಡಿಮೆಯಾಗುವುದಿಲ್ಲ.

ಇನ್ನೂ ಸ್ವಾರಸ್ಯದ ವಿಷಯವೆಂದರೆ ಈ ಎರಡು ಅರ್ಥಗಳಿಗೆ ಭಾಷೆ ಕ್ರಮೇಣ ಎರಡು ನಾಮಪದಗಳನ್ನು ಹಂಚಿಕೊಟ್ಟಿದೆ. ಪೊಳೆ ಎಂಬುದಕ್ಕೆ ಪು ಪ್ರತ್ಯಯ ಸೇರಿ ‘ಪೊಳಪು’ ಆಗಿತ್ತು. ಪದಾದಿಯ ಪಕಾರ ಹಕಾರವಾಗಿ ಅದು ಹೊಳಪು ಎಂದಾಯಿತು. ಕೆಲವರ ನುಡಿಯಲ್ಲಿ ಒಳಗಿನ ಪಕಾರವೂ ಹಕಾರವಾಗಿ ‘ಹೊಳಹು’ ಎಂಬ ರೂಪ ಬಂತು. ನೆನಪು ಮತ್ತು ನೆನಹು ಎಂಬ ಜೋಡಿಯೂ ಇಂಥದ್ದೇ. ಒಂದೇ ಪದದ ಎರಡು ರೂಪಗಳಾದ ಇವು ಇಂದು ಒಂದೇ ಕೆಲಸ ಮಾಡುತ್ತಿಲ್ಲ. ಪಾತ್ರೆಗೆ, ಕೂದಲಿಗೆ, ಚರ್ಮಕ್ಕೆ ಇರುವುದು ಹೊಳಪು. ಹೊಸ ವಿಚಾರದ ಸುಳಿವು ಸಿಕ್ಕರೆ ಅದು ಹೊಳಹು. ‘ಈ ಲೇಖನದಲ್ಲಿ ಹೊಸ ಹೊಳಹುಗಳಿವೆ’ ಎಂದು ವಿಮರ್ಶಕರು ಬರೆಯುತ್ತಾರೆ. ಅದನ್ನೇ ‘ಹೊಸ ಹೊಳಪುಗಳಿವೆ’ ಎಂದು ತಿದ್ದಿದರೆ ಕಾಗದಕ್ಕೆ ಮೆರುಗೆಣ್ಣೆ ಬಳಿದಂತೆ ಕೇಳಿಸುತ್ತದೆ. ಹಿಂದೊಮ್ಮೆ ನನ್ನ ಲೇಖನವೊಂದರಲ್ಲಿ ಹೊಳಹನ್ನು ಅಚ್ಚಿನ ತಪ್ಪೆಂದು ಭಾವಿಸಿ ಉದ್ದಕ್ಕೂ ಹೊಳಪು ಮಾಡಿದ ಸಂಪಾದಕರ ಮೇಲೆ ನನಗಿನ್ನೂ ಸಣ್ಣ ಮುನಿಸಿದೆ.

ಕೃಷ್ಣಾತೀರ:

ನಾನು ಬಾಗಲಕೋಟೆ ಕಡೆಯವನು. ಎಲ್ಲರೂ ತಿಳಿನೀರಿನ ಸಂಜೆಯ ಹೊಳೆಯನ್ನೇ ಕಣ್ಣ ಮುಂದಿಟ್ಟುಕೊಂಡು ಬರೆಯುತ್ತಿದ್ದೀರಿ. ನಮ್ಮಲ್ಲಿ ‘ಹೊಳಿ ಬಂತು’ ಎಂದರೆ ಪ್ರವಾಹ ಬಂತು ಎಂದರ್ಥ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆಯಾಗಿ, ಇಲ್ಲಿ ನಮ್ಮ ತಲೆಯ ಮೇಲೆ ಬಿಸಿಲಿರುವಾಗಲೇ ಕೃಷ್ಣೆ ಕೆಂಪು ಮಣ್ಣಿನ ರಾಡಿಯಾಗಿ, ಕೊಚ್ಚಿಕೊಂಡು ಬಂದ ಜಾಲಿಗಿಡಗಳನ್ನು ಹೊತ್ತು ದಂಡೆಯೇರುತ್ತಾಳೆ. ಆ ನೀರಿನಲ್ಲಿ ಹೊಳೆಯುವುದು ಏನೂ ಇರುವುದಿಲ್ಲ, ತಂಬಿಗೆಯಲ್ಲಿ ತುಂಬಿಟ್ಟರೆ ಬೆಳಗಾಗುವುದರೊಳಗೆ ಬೆರಳುದ್ದ ಮಣ್ಣು ಕೆಳಗೆ ಕೂರುತ್ತದೆ. ನದಿ ಅತ್ಯಂತ ಮಬ್ಬಾಗಿರುವ ದಿನಗಳಲ್ಲಿಯೇ ನಾವು ಅದನ್ನು ಹೆಚ್ಚು ಸಲ ಹೊಳಿ ಎಂದು ಕೂಗಿ ಕರೆಯುತ್ತೇವೆ. ಹೊಳಪಿನಿಂದ ಹೆಸರು ಬಂದಿದ್ದರೆ ಬೇಸಗೆಯಲ್ಲಿ ಮಾತ್ರ ಕರೆಯಬೇಕಾಗಿತ್ತು. ಸಕಲೇಶಪುರದ ಕಡೆ ಎತ್ತಿನಹೊಳೆ, ಕೆಂಪುಹೊಳೆ ಎಂಬ ಹೆಸರುಗಳೂ ಇವೆಯಲ್ಲ. ಒಂದರಲ್ಲಿ ಎತ್ತಿದೆ, ಇನ್ನೊಂದರಲ್ಲಿ ಕೆಂಪಿದೆ, ಹೊಳೆ ಎಂಬುದು ಎರಡರಲ್ಲಿಯೂ ಬರೀ ನೀರಿನ ಹರಿವು.

ಮಲೆನಾಡಿಗ:

ಒಪ್ಪಿದೆ, ಸೋತಿದ್ದೇನೆ ಎಂದೇ ಬರೆಯುತ್ತೇನೆ. ಆದರೆ ಒಂದು ಮಾತನ್ನು ಬಿಟ್ಟುಕೊಡಲಾರೆ. ರಳ ಹೋಗಿ ಏಳುನೂರು ವರ್ಷವಾಗಿದೆ ಎಂದುಕೊಳ್ಳೋಣ. ಅಷ್ಟು ಕಾಲದಿಂದ ಕನ್ನಡದ ಮಕ್ಕಳು ಈ ಎರಡನ್ನೂ ಒಂದೇ ಧ್ವನಿಯಲ್ಲಿ ಕೇಳುತ್ತಾ ಬೆಳೆದಿದ್ದಾರೆ. ಹೊಳೆಯ ನೀರು ಹೊಳೆಯುವುದನ್ನು ಕಂಡಾಗ ಅವರ ಮನಸ್ಸಿನಲ್ಲಿ ಎರಡು ಪದಗಳೂ ಕೈ ಹಿಡಿದುಕೊಂಡಿವೆ. ಹುಟ್ಟಿನಿಂದ ಅವು ಅಣ್ಣತಮ್ಮಂದಿರಲ್ಲದಿರಬಹುದು, ಒಂದೇ ಮನೆಯಲ್ಲಿ ಬೆಳೆದವಂತೂ ಹೌದು. ಆ ಸಂಬಂಧವನ್ನು ಸುಳ್ಳು ಎಂದು ಹೊರಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ನಿಘಂಟುಪ್ರಿಯ:

ಹೊರಗೆ ಹಾಕುತ್ತಿಲ್ಲ ಸ್ವಾಮಿ. ಕವಿತೆಯಲ್ಲಿ ಬರೆಯಿರಿ, ಶ್ಲೇಷೆ ಎಂದು ಆಸ್ವಾದಿಸುತ್ತೇನೆ. ನನ್ನ ಆಕ್ಷೇಪಣೆ ‘ಪೂರ್ವಿಕರು ಕರೆದರು’ ಎಂಬ ಎರಡು ಪದಗಳಿಗೆ ಮಾತ್ರ. ಪೂರ್ವಿಕರ ಕಿವಿಗೆ ಆ ಶ್ಲೇಷೆ ಕೇಳಿಸುತ್ತಲೇ ಇರಲಿಲ್ಲ. ಹಳಗನ್ನಡ ಪದ್ಯದಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಕೂಡಬೇಕಾಗಿತ್ತೆಂಬುದು ನಿಮಗೆ ತಿಳಿದೇ ಇದೆ. ಪೊಳೆ ಮತ್ತು ಪೊೞೆ ಬೇರೆಯಾಗುವುದು ಸರಿಯಾಗಿ ಆ ಎರಡನೆಯ ಅಕ್ಷರದಲ್ಲಿಯೇ. ಭೇದವನ್ನು ಉಳಿಸಿಕೊಂಡಿದ್ದ ಕವಿಗೆ ಹೊಳೆಯುವುದೂ ಹೊಳೆಯೂ ಪ್ರಾಸಕ್ಕೆ ಸಹ ಒಟ್ಟಿಗೆ ಒದಗುತ್ತಿರಲಿಲ್ಲ. ಅಂದರೆ ಈ ಜೋಡಿಯ ಸೊಗಸು ನಮ್ಮ ಕಾಲದ್ದು, ನಡುಗನ್ನಡದಿಂದ ಈಚಿನದ್ದು. ಅದನ್ನು ನಮ್ಮದೆಂದೇ ಹೇಳಿಕೊಂಡರೆ ನನಗೆ ಯಾವ ತಕರಾರೂ ಇಲ್ಲ.

ಹೇಮಾವತಿದಂಡೆ:

ಎಲ್ಲರಿಗೂ ಋಣಿಯಾಗಿದ್ದೇನೆ. ಲೇಖನ ಬರೆದ ಹಿರಿಯರ ಮನೆಗೆ ನಿನ್ನೆ ಹೋಗಿ ಈ ಚರ್ಚೆಯನ್ನು ಪೂರ್ತಿ ಓದಿ ಹೇಳಿದೆ. ಬೇಸರಿಸಿಕೊಳ್ಳುತ್ತಾರೆಂದು ಅಳುಕಿತ್ತು. ಮೊದಲು ಸುಮ್ಮನಿದ್ದರು. ಆಮೇಲೆ, ಅವರ ತಾಯಿ ತಮಿಳು ಸೀಮೆಯವರಾಗಿದ್ದು ‘ಮೞೈ’ ಎಂದು ವಿಚಿತ್ರವಾಗಿ ನಾಲಿಗೆ ಮಡಿಸಿ ಹೇಳುತ್ತಿದ್ದುದನ್ನು ನೆನೆದು, ಎಂಬತ್ತೆರಡನೆಯ ವಯಸ್ಸಿನಲ್ಲಿ ನಾಲ್ಕಾರು ಸಲ ಪೊೞೆ, ಪೊೞೆ ಎಂದು ಹೇಳಿ ನೋಡಿಕೊಂಡರು. ಕೊನೆಗೆ ವಾಕ್ಯವನ್ನು ಹೀಗೆ ತಿದ್ದಲು ಒಪ್ಪಿದ್ದಾರೆ: ‘ನದಿಗೆ ಹಳಗನ್ನಡದಲ್ಲಿ ಪೊೞೆ ಎಂದು ಹೆಸರಿತ್ತು, ಹೊಳೆಯುವುದಕ್ಕೆ ಪೊಳೆ ಎನ್ನುತ್ತಿದ್ದರು. ಈಗ ಎರಡೂ ಹೊಳೆಯೇ ಆಗಿರುವುದರಿಂದ ಸಂಜೆಯ ಬಿಸಿಲಿನಲ್ಲಿ ನಮ್ಮ ಹೊಳೆ ಹೊಳೆಯುತ್ತದೆ.’ ಹೊಳಲ್ಕೆರೆಯ ಸಾಲನ್ನು ಅವರೇ ಹೊಡೆದು ಹಾಕಿದರು.

ಈಗ ಹೊಸ ತೊಂದರೆ. ಮುದ್ರಣಾಲಯದಿಂದ ಬಂದ ಕರಡಿನಲ್ಲಿ ‘ಪೊೞೆ’ ಎಂಬ ಪದದ ನಡುವಿನ ಅಕ್ಷರದ ಜಾಗದಲ್ಲಿ ಒಂದು ಖಾಲಿ ಚೌಕ ಬಂದಿದೆ. ಫೋನು ಮಾಡಿದರೆ, ಅಂಥ ಅಕ್ಷರ ಕನ್ನಡದಲ್ಲಿ ಇಲ್ಲ, ಳ ಹಾಕಿಬಿಡಲೇ ಎಂದು ಡಿಟಿಪಿ ಮಾಡುವ ಹುಡುಗ ಕೇಳಿದ.

ಅಕ್ಷರಜೋಡಕ:

ಳ ಹಾಕಲು ಖಂಡಿತ ಬಿಡಬೇಡಿ, ವಾಕ್ಯದ ಜೀವವೇ ಹೋಗುತ್ತದೆ. ಕಂಪ್ಯೂಟರಿಗಾಗಿ ಅಕ್ಷರಗಳಿಗೆಲ್ಲ ಸಂಕೇತ ಕೊಟ್ಟಿರುವ ಯೂನಿಕೋಡ್‌ನಲ್ಲಿ ಈ ಅಕ್ಷರ ಇದೆ. ಆದರೆ ಅದರ ಕಥೆ ಸ್ವಲ್ಪ ವಿನೋದದ್ದು. ಸಂಕೇತಪಟ್ಟಿಯನ್ನು ಮಾಡುವಾಗ ೞಕಾರಕ್ಕೆ ತಪ್ಪಾಗಿ ‘ಕನ್ನಡ ಲೆಟರ್ ಫಾ’ ಎಂದು ಹೆಸರಿಟ್ಟುಬಿಟ್ಟರು, ಫ್ಯಾನು, ಫೋನುಗಳಲ್ಲಿ ಬರುವ ಧ್ವನಿಯ ಅಕ್ಷರವೋ ಎಂಬಂತೆ. ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸುವ ಪದ್ಧತಿ ಯೂನಿಕೋಡ್‌ನಲ್ಲಿ ಇಲ್ಲವಾದ್ದರಿಂದ ಸರಿಯಾದ ಹೆಸರನ್ನು ಅಡ್ಡಹೆಸರಾಗಿ ಸೇರಿಸಿದ್ದಾರೆ, ತಪ್ಪು ಹೆಸರು ಹಾಗೆಯೇ ಉಳಿದಿದೆ. ಹುಡುಕುವಾಗ ಳಕಾರದ ಆಸುಪಾಸಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಪಟ್ಟಿಯ ಕೊನೆಯ ಕಡೆ, ಹೆಚ್ಚಿನ ಸ್ವರಚಿಹ್ನೆಗಳು ಮುಗಿದ ಮೇಲೆ, ಅಂಕಿಗಳಿಗಿಂತ ಮೊದಲು ಇದೆ.

ನಿಮಗೆ ಚೌಕ ಬಂದಿರುವುದು ಬಹುಶಃ ಫಾಂ‌ಟಿನಿಂದ. ನಿಮ್ಮ ಕಡತದಲ್ಲಿ ಅಕ್ಷರ ಸರಿಯಾಗಿಯೇ ಇದ್ದು, ಅವರು ಬಳಸುತ್ತಿರುವ ಫಾಂಟಿನಲ್ಲಿ ಅದರ ಆಕಾರವಿಲ್ಲದಿದ್ದರೆ ಹೀಗಾಗುತ್ತದೆ. ಆ ಒಂದು ಅಕ್ಷರವನ್ನು ಮಾತ್ರ ಆಯ್ದು ಬೇರೆ ಯೂನಿಕೋಡ್ ಫಾಂಟಿಗೆ ಬದಲಾಯಿಸಲು ಹೇಳಿ. ದಪ್ಪ ಸ್ವಲ್ಪ ಹೆಚ್ಚುಕಡಿಮೆ ಕಂಡರೆ ಗಾತ್ರವನ್ನು ಅರ್ಧ ಪಾಯಿಂಟ್ ಇಳಿಸಬಹುದು. ಯಾವುದೂ ಆಗದಿದ್ದರೆ ಹಳೆಯ ಕಾವ್ಯಗಳ ಸಂಪಾದಿತ ಆವೃತ್ತಿಯೊಂದರ ಪುಟದಿಂದ ಅಕ್ಷರವನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಕೂರಿಸುವುದು ಕೊನೆಯ ಉಪಾಯ.

ಹೇಮಾವತಿದಂಡೆ:

ಫಾಂಟು ಬದಲಾಯಿಸಿದ ಮೇಲೆ ಬಂದಿತು. ಅರ್ಧ ಪಾಯಿಂಟ್ ಇಳಿಸಿದ್ದೂ ಸರಿಹೋಯಿತು. ಹುಡುಗ ಕರಡಿನ ಅಂಚಿನಲ್ಲಿ ಪೆನ್ಸಿಲಿನಿಂದ ‘ಇದನ್ನು ಹೇಗೆ ಓದಬೇಕು ಸರ್?’ ಎಂದು ಬರೆದು ಕಳಿಸಿದ್ದಾನೆ. ಪಯಸ್ವಿನಿ ಮೇಡಂ, ತಾವು ಒಂದು ಸಲ ಪುೞ, ಪೊೞೆ, ಪೊಳೆ ಎಂದು ಹೇಳಿ ಧ್ವನಿಮುದ್ರಿಸಿ ಇಲ್ಲಿ ಹಾಕಿದರೆ ಅವನಿಗೂ ನಮ್ಮ ಹಿರಿಯರಿಗೂ ಕೇಳಿಸುತ್ತೇನೆ.

ಪಯಸ್ವಿನಿ:

ಆಗಲಿ ಸರ್, ಸಂಜೆ ಹಾಕುತ್ತೇನೆ. ಮಗಳು ಶಾಲೆಯಿಂದ ಬರಲಿ. ಈಗ ಅವಳ ೞ ನನ್ನದಕ್ಕಿಂತ ಚೆನ್ನಾಗಿದೆ.